ನಮ್ಮ ಕೋಣೆಯ ಕಿಟಕಿ ತೆರೆಯುವ, ಕಣ್ಣಿಗೆ ಕಾಣದ ಸಹೋದ್ಯೋಗಿಗೆ

ಮಾನ್ಯ ಕಿಟಕಿ ತೆರೆಯುವವರೇ,

ಗ್ರಂಥಾಲಯದ ಹೊಸ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ರಟ್ಟು ಕಟ್ಟುವ ಕೋಣೆಯಿಂದ ನಾವು ಮೂವರು, ಬೆವರು ಒರೆಸಿಕೊಳ್ಳಲು ಎತ್ತಿದ ಕೈಗಳನ್ನು ಹಾಗೆಯೇ ಜೋಡಿಸಿ, ತಮಗೆ ನಮಸ್ಕರಿಸುತ್ತಿದ್ದೇವೆ. ಎರಡು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿಯೂ ಒಮ್ಮೆಯಾದರೂ ತಮ್ಮ ಕ್ಷೇಮ ವಿಚಾರಿಸದ ಅಪರಾಧವನ್ನು ಮನ್ನಿಸಬೇಕು. ತಾವು ಇಲ್ಲಿದ್ದೀರಿ ಎಂಬುದೇ ಕಳೆದ ಸೋಮವಾರದವರೆಗೆ ನಮಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಹೀಗೆ. ನಮ್ಮ ಕಟ್ಟಡಕ್ಕೆ, ವಿದ್ಯುತ್ ಉಳಿಸುವ ಕಟ್ಟಡವೆಂದು, ಹಸಿರು ಪ್ರಮಾಣಪತ್ರ ಕೊಡಲಿರುವ ಸಮಿತಿಗೆ ಸಲ್ಲಿಸುವ ಇನ್ನೂರ ಹದಿನಾಲ್ಕು ಪುಟಗಳ ವರದಿಯ ಆರು ಪ್ರತಿಗಳನ್ನು ಕಚೇರಿಯವರು ಬೇರೆಲ್ಲೂ ಕೊಡದೆ, ರಟ್ಟು ಕಟ್ಟಲು ನಮ್ಮ ಕೈಗೇ ಕಳಿಸಿದರು. ರಟ್ಟು ಕಟ್ಟುವವರು ಒಳಗಿರುವುದನ್ನು ಓದುವುದಿಲ್ಲವೆಂದು ಅವರಿಗೆ ಬಲವಾದ ನಂಬಿಕೆ. ಪುಟಗಳ ಸರದಿ ನೋಡುತ್ತಾ ನೂರ ಹನ್ನೆರಡಕ್ಕೆ ಬಂದಾಗ ನಮ್ಮದೇ ಕೋಣೆಯ ನಕ್ಷೆ ಕಂಡಿತು. ಸೆಖೆಯ ಲೆಕ್ಕ ಹಾಕಲು ಕಂಪ್ಯೂಟರಿನೊಳಗೆ ಕಟ್ಟಿದ ಆ ಕೋಣೆಯಲ್ಲಿ, ಬಿಸಿ ಇಪ್ಪತ್ತನಾಲ್ಕು ಡಿಗ್ರಿ ದಾಟಿ ಹೊರಗೆ ಅದಕ್ಕಿಂತ ತಂಪಿದ್ದರೆ, ಆ ಕ್ಷಣವೇ ನಾಲ್ಕೂ ಕಿಟಕಿಗಳನ್ನು ಪೂರ್ತಿ ತೆರೆಯುವ, ಹೊರಗೆ ಬಿಸಿಯೇರಿದರೆ ಮರೆಯದೆ ಮುಚ್ಚುವ ಒಬ್ಬ 'ಬಳಕೆದಾರ'ರು ಇದ್ದಾರೆಂದು ಬರೆದಿತ್ತು. ಅದು ತಾವೇ.

ತಮ್ಮ ಕಾರ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ತಮಗೆ ಶೀತವಿಲ್ಲ, ರಜೆಯಿಲ್ಲ, ಬೀದಿಯ ಧೂಳಿನ ಗೊಡವೆಯಿಲ್ಲ. ನಾಲ್ಕು ಕಿಟಕಿಗಳಲ್ಲಿ ಎರಡರ ಮುಂದೆ ಚಾವಣಿ ಮುಟ್ಟುವ ಕಬ್ಬಿಣದ ಕಪಾಟುಗಳಿವೆ, ಉಳಿದೆರಡಕ್ಕೆ ಯಾರೂ ಕೆಳಗೆ ಬೀಳದಿರಲೆಂದು ಅಡ್ಡಪಟ್ಟಿ ಹೊಡೆದಿರುವುದರಿಂದ ಅವು ನಾಲ್ಕು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ಆದರೂ ತಾವು ಅವೆಲ್ಲವನ್ನೂ ಹಾರು ಹೊಡೆದು ತೆರೆದು, ಗಂಟೆಗೆ ಹನ್ನೆರಡು ಸಲ ಕೋಣೆಯ ಗಾಳಿಯನ್ನು ಬದಲಿಸುತ್ತಿದ್ದೀರಿ. ಗಾಳಿಗೋಪುರ ಕಟ್ಟಿದವರ ಬಗ್ಗೆ ಕೇಳಿದ್ದೆವು, ಅದರಲ್ಲಿ ಸಂಸಾರ ಹೂಡಿದವರನ್ನು ಕಂಡದ್ದು ಇದೇ ಮೊದಲು.

ನಮ್ಮ ಕಸುಬಿನ ಒಂದು ಕಷ್ಟವನ್ನು ಮಾತ್ರ ತಮ್ಮ ಗಮನಕ್ಕೆ ತರಬೇಕಾಗಿದೆ. ನಮ್ಮಲ್ಲಿ ಹಿರಿಯರಾದ ದೊಡ್ಡಕ್ಕ ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಅಕ್ಷರ ಒತ್ತುವವರು. ಚಿನ್ನದ ರೇಕು ಎಷ್ಟು ತೆಳುವೆಂದರೆ, ಅವರು ಅದನ್ನು ಎತ್ತುವಾಗ ನಾವಿಬ್ಬರೂ ಉಸಿರು ಬಿಗಿಹಿಡಿಯುತ್ತೇವೆ, ಸೀನು ಬಂದರೆ ಹೊರಗೆ ಓಡುತ್ತೇವೆ. ನಾಲ್ಕು ಬೆರಳಿನ ಸಂದಿಯಿಂದ ಸೆಖೆ ಹೋಗುವಷ್ಟು ಗಾಳಿ ಬರುವುದಿಲ್ಲ, ರೇಕು ಹಾರಿಹೋಗುವಷ್ಟು ಧಾರಾಳವಾಗಿ ಬರುತ್ತದೆ. ಹಾಗಾಗಿ ಚಿನ್ನದ ಕೆಲಸವಿರುವ ದಿನವೆಲ್ಲ, ಕುದಿಯುವ ಅಂಟಿನ ಪಾತ್ರೆಯ ಪಕ್ಕದಲ್ಲಿ, ನಮ್ಮ ಕಿಟಕಿಗಳು ಭದ್ರವಾಗಿ ಮುಚ್ಚಿರುತ್ತವೆ.

ಹೋದ ತಿಂಗಳು ಮಧ್ಯಾಹ್ನ ಎರಡೂವರೆಗೆ ದೊಡ್ಡಕ್ಕ ಮೇಜಿನ ಮೇಲೆಯೇ ತಲೆಯಿಟ್ಟು ಕುಸಿದರು. ರೇಕು ಎತ್ತುವಾಗ ನಿಲ್ಲಿಸಿ, ಒತ್ತಿದ ಮೇಲೆ ಹಾಕಿಕೊಳ್ಳಲು ಒಂದು ಫ್ಯಾನು ಕೊಡಿರೆಂದು ಅರ್ಜಿ ಹಾಕಿದೆವು. ಕಂಪ್ಯೂಟರಿನ ಪ್ರಕಾರ ಈ ಕೋಣೆಯಲ್ಲಿ ವರ್ಷಕ್ಕೆ ಹನ್ನೊಂದು ಗಂಟೆ ಮಾತ್ರ ಸೆಖೆಯಿರುತ್ತದೆ, ಫ್ಯಾನು ಹಾಕಿದರೆ ಪ್ರಮಾಣಪತ್ರಕ್ಕೆ ಬೇಕಾದ ಸಹಜ ಗಾಳಿಯ ಅಂಕಗಳು ಕೈತಪ್ಪುತ್ತವೆ, ಆದ್ದರಿಂದ ಈ ತಿಂಗಳ ಕೊನೆಗೆ ದೊಡ್ಡಕ್ಕನವರನ್ನೇ ಕೆಳಗಡೆ ಬಾಗಿಲ ಬಳಿ ಓದುಗರ ಚೀಲ ಕಾಯುವ ಕೆಲಸಕ್ಕೆ ಹಾಕಲಾಗುವುದು ಎಂದು ಮೊನ್ನೆ ಉತ್ತರ ಬಂತು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ನಲವತ್ತು ವರ್ಷ ಚಿನ್ನ ಒತ್ತಿದ ಕೈಗೆ ಚೀಲದ ಬಿಲ್ಲೆ ಕೊಡುತ್ತಾರಲ್ಲ ಎಂದು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ದೊಡ್ಡಕ್ಕ ಮಾತ್ರ, "ಗಾಳಿ ಬರುತ್ತೆ ಅಂತ ಕಾಗದದಲ್ಲಿ ಬರೆದಿದ್ದಾರಾ? ಹಾಗಾದ್ರೆ ಆ ಕಾಗದಾನೇ ಕೊಡಿ, ಬೀಸ್ಕೋತೀನಿ" ಎಂದು ನೂರ ಹನ್ನೆರಡನೆಯ ಪುಟವನ್ನು ಇಸಿದುಕೊಂಡು ಬೀಸಿಕೊಂಡರು. ಆ ಪುಟದಿಂದ ಕೋಣೆಗೆ ಬಂದ ಗಾಳಿ ಅಷ್ಟೇ.

ಆದಕಾರಣ ತಮ್ಮಲ್ಲಿ ಸವಿನಯ ಪ್ರಾರ್ಥನೆಯೇನೆಂದರೆ, ತಾವು ದಯಮಾಡಿ ಒಂದು ದಿನದ ಮಟ್ಟಿಗಾದರೂ ಕಂಪ್ಯೂಟರಿನಿಂದ ಹೊರಬಂದು ಕಪಾಟುಗಳನ್ನು ಸರಿಸಿಕೊಡಬೇಕು. ಬರುವಾಗ ತಮ್ಮ ಕಡೆಯ ಗಾಳಿಯನ್ನೂ ಜೊತೆಗೆ ಕರೆತಂದು, ಬೆವರನ್ನು ಮುಟ್ಟಬಹುದು ಚಿನ್ನವನ್ನು ಮುಟ್ಟಬಾರದು ಎಂದು ಅದಕ್ಕೆ ಬುದ್ಧಿ ಹೇಳಬೇಕು. ಅದಾಗದಿದ್ದರೆ ತಮ್ಮ ಮತ್ತು ದೊಡ್ಡಕ್ಕನವರ ಸ್ಥಾನ ಅದಲುಬದಲಾಗಲಿ. ದೊಡ್ಡಕ್ಕ ಆ ನಕ್ಷೆಯೊಳಗೆ ತಂಪಾಗಿ ಕುಳಿತು ಅಕ್ಷರ ಒತ್ತಲಿ, ಬಾಗಿಲ ಬಳಿ ಚೀಲ ಕಾಯಲು ತಾವು ಹೋಗಿ. ತಮ್ಮಷ್ಟು ಎಚ್ಚರದ ಕಾವಲುಗಾರರು ಅವರಿಗೆ ಸಿಗಲಾರರು.

ಇಂತಿ, ಮುಚ್ಚಿದ ಕಿಟಕಿಯ ಈಚೆಗಿರುವ

ತಮ್ಮ ವಿಶ್ವಾಸಿ,
ಹೊಲಿಗೆ ಹಾಕುವವಳು

ತಾ.ಕ.: ತಮ್ಮ ಬೇರೆ ವಿಳಾಸ ತಿಳಿಯದ ಕಾರಣ, ಈ ಪತ್ರವನ್ನು ವರದಿಯ ಆರೂ ಪ್ರತಿಗಳಲ್ಲಿ ತಮ್ಮ ಪುಟದ ಎದುರಿಗೇ ಸೇರಿಸಿ ಜೋಡಿ ದಾರದಲ್ಲಿ ಹೊಲಿದಿದ್ದೇನೆ, ಇಂದೇ ಸಮಿತಿಗೆ ಹೋಗುತ್ತವೆ. ಕಿತ್ತು ತೆಗೆಯಬೇಕೆನ್ನುವವರು ಇಡೀ ಪುಸ್ತಕವನ್ನೇ ಬಿಚ್ಚಬೇಕಾದೀತು, ಮತ್ತೆ ಕಟ್ಟಿಸಲು ಖುದ್ದಾಗಿ ನಮ್ಮ ಕೋಣೆಗೇ ಬರಬೇಕಾದೀತು. ಮಧ್ಯಾಹ್ನ ಎರಡೂವರೆಗೆ ಬಂದರೆ ಅನುಕೂಲ.