ಸರಸ್ವತಿಯ ಪಕ್ಕದಲ್ಲಿ ಬೋಳುತಲೆಯ ಗಗನಯಾತ್ರಿ

ಎರವಲು ತಂದ ಪುಸ್ತಕವೆಂದರೆ ಬೇರೆಯವರ ಕೂಸನ್ನು ಎತ್ತಿಕೊಂಡ ಹಾಗೆ; ನಗುತ್ತಿದ್ದರೂ ಭಯ, ಅತ್ತರಂತೂ ಕೇಳುವುದೇ ಬೇಡ. ಶ್ಯಾಂಟಿಲಿಯ ನನ್ನ ಆಫೀಸಿನ ಗೆಳೆಯ ಪಾಸ್ಕಲ್, ತನ್ನ ಅಜ್ಜ ಕೊಡಿಸಿದ್ದ ಫ್ರೆಂಚ್ ಕಾಮಿಕ್ಸನ್ನು ಒಂದು ವಾರಕ್ಕೆಂದು ಕೊಟ್ಟ ದಿನದಿಂದ ನಾನು ಅದರ ಹತ್ತಿರ ಕಾಫಿಯನ್ನೂ ಕುಡಿದಿರಲಿಲ್ಲ. ಅದರ ಚಿತ್ರಕಾರರ ಹೆಸರಿನಲ್ಲಿ ಅರ್ಧ ಅಕ್ಷರಗಳನ್ನು ಉಚ್ಚರಿಸಬಾರದಂತೆ. ಯಾವ ಅರ್ಧವೆಂದು ತಿಳಿಯದೆ ನಾನು ಪೂರ್ತಿ ಬಿಟ್ಟಿದ್ದೇನೆ. ಅವರ ವೃತ್ತಿ ಶುರುವಾದದ್ದು ದಂತವೈದ್ಯರ ಪಠ್ಯಪುಸ್ತಕಕ್ಕೆ ಹಲ್ಲಿನ ಚಿತ್ರ ಬರೆಯುವುದರಿಂದ. ಆಮೇಲೆ ಮಕ್ಕಳ ವಾರಪತ್ರಿಕೆಗೆ ರಾಕೆಟ್ಟು, ಅಲ್ಲಿಂದ ಇಡೀ ಗೆಲಾಕ್ಸಿ. ಖ್ಯಾತಿ ಬಂದರೂ ಹಲ್ಲನ್ನು ಮಾತ್ರ ಬಿಡಲಿಲ್ಲ: ಅವರ ಆಕಾಶನೌಕೆಗಳೆಲ್ಲ ಬೇರುಸಹಿತ ಕಿತ್ತ ದವಡೆಹಲ್ಲುಗಳೇ! ಎಂಬತ್ತು ದಾಟಿದ ಈ ಮಹಾನುಭಾವರು ಅಟ್ಲಾಂಟಾಕ್ಕೆ ಬರುತ್ತಿದ್ದರು. ಪಾಸ್ಕಲ್ ಅದೇ ಪುಸ್ತಕಕ್ಕೆ ಹಸ್ತಾಕ್ಷರ ಹಾಕಿಸಿಕೊಳ್ಳಲು ಹೊರಟಿದ್ದ.

ಪುಸ್ತಕ ಒಯ್ಯಲು ಅವನು ಆಫೀಸಿನ ಪಕ್ಕದೂರು ಸ್ಟರ್ಲಿಂಗ್‌ನ ನಮ್ಮ ಮನೆಗೆ ಬಂದದ್ದು ನವರಾತ್ರಿಯಲ್ಲಿ, ಸರಸ್ವತಿ ಪೂಜೆಯ ದಿನ. ನೋಡಿದರೆ, ಮೇಜಿನ ಮೇಲೆ ಪುಸ್ತಕವಿಲ್ಲ. ಮೈಸೂರಿನಿಂದ ಬಂದಿದ್ದ ಅತ್ತೆ ಮನೆಯ ಪುಸ್ತಕಗಳನ್ನೆಲ್ಲ ದೇವರ ಮುಂದೆ ಜೋಡಿಸಿದ್ದರು. ಎಲ್ಲಕ್ಕಿಂತ ಮೇಲೆ ಇದು. ಮುಖಪುಟದಲ್ಲಿದ್ದ ಬೋಳುತಲೆಯ ಗಗನಯಾತ್ರಿ ಹೆಂಗಸಿನ ಹಣೆಯಲ್ಲಿ ಒದ್ದೆ ಕುಂಕುಮ. ಒಂದಂಗುಲ ದೂರದಲ್ಲಿ ಉರಿಯುವ ದೀಪ. ಆ ಒಂದಂಗುಲವನ್ನು ನಾನು ಈಗಲೂ ಮನಸ್ಸಿನಲ್ಲೇ ಅಳೆಯುತ್ತಿರುತ್ತೇನೆ.

“ಅಮ್ಮಾ, ಅದು ಕಾಮಿಕ್ಸು!” ಎಂದು ನನ್ನ ಹೆಂಡತಿ ಕಿರುಚಿದಳು.

“ಪುಸ್ತಕ ತಾನೇ? ಪಾಪ, ಬೋಳು ಹಣೇಲಿದ್ಲು. ಪೂಜೆಗಿಟ್ಟಾಯ್ತು, ವಿಜಯದಶಮಿವರೆಗೂ ಮುಟ್ಟೋ ಹಾಗಿಲ್ಲ ಅಳಿಯಂದ್ರೇ.”

ಬಾಗಿಲಲ್ಲಿ ಪಾಸ್ಕಲ್. ನಾನು ಇಂಗ್ಲಿಷಿನಲ್ಲಿ, “ಬ್ಲೆಸಿಂಗ್ ಇನ್ನೂ ಪ್ರೋಸೆಸ್ ಆಗ್ತಿದೆ” ಎಂದೇನೋ ತೊದಲಿದೆ. ಅವನಿಗೆ ಬೆಳಿಗ್ಗೆಯೇ ವಿಮಾನ. ಬಿಳಿಚಿಕೊಂಡ ಅವನ ಮುಖ ನೋಡಿ ಅತ್ತೆಯೇ ಕರಗಿ, ಅಕ್ಷತೆ ಹಾಕಿ, ಪುಸ್ತಕವನ್ನು ಕೊಂಚ ಉತ್ತರಕ್ಕೆ ಸರಿಸಿ, ವಿಸರ್ಜನೆಯ ಶಾಸ್ತ್ರ ಮುಗಿಸಿ ಬೀಳ್ಕೊಟ್ಟರು. ಅವನು ಅಪಘಾತದಲ್ಲಿ ಸಿಕ್ಕವರನ್ನು ಸಾಗಿಸುವಂತೆ ಅದನ್ನು ಎರಡೂ ಕೈಯಲ್ಲಿ ಹೊತ್ತು ನಡೆದ. ಗೆಳೆತನ ಮುಗಿಯಿತೆಂದೇ ತಿಳಿದೆ.

ಮರುದಿನ ಅಟ್ಲಾಂಟಾದಿಂದ ಪಾಸ್ಕಲ್‌ನ ಫೋನು. ಚಿತ್ರಕಾರ ಮುದುಕರು ಆ ಕುಂಕುಮವನ್ನು ಭೂತಗನ್ನಡಿ ಹಿಡಿದು ನೋಡಿದರಂತೆ. “ಈ ಮುಖದಲ್ಲಿ ಏನೋ ಕಮ್ಮಿ ಅಂತ ಇಷ್ಟು ವರ್ಷ ಒದ್ದಾಡಿದೆ. ಇದನ್ನು ಹಾಕಿದ ಕಲಾವಿದರು ಯಾರು?” ಎಂದು ಕೇಳಿ, ಪಕ್ಕದಲ್ಲಿ ಅತ್ತೆಯ ರುಜುವಿಗೂ ಜಾಗ ಬಿಟ್ಟು ಸಹಿ ಮಾಡಿದರಂತೆ! ನಾನು ಖುಷಿಗೆ ಫ್ರಿಜ್ಜನ್ನೇ ತಬ್ಬಿಕೊಂಡೆ.

ಮುಂದಿನ ವಾರ ನನ್ನ ವರ್ಷದ ಕೆಲಸದ ರಿವ್ಯೂ. ಆಫೀಸಿನ ಲ್ಯಾಪ್‌ಟಾಪನ್ನು ನಾನೇ ಕದ್ದುಮುಚ್ಚಿ ದೇವರ ಮುಂದಿಟ್ಟು, ಅದಕ್ಕೂ ಒಂದು ಕುಂಕುಮ ಬೀಳಲೆಂದು ಅಡುಗೆಮನೆಯಲ್ಲಿ ನಿಂತು ಕೆಮ್ಮಿದೆ. ಅತ್ತೆ ಬಂದು ಅದನ್ನು ಪಕ್ಕಕ್ಕೆ ತಳ್ಳಿ, ಆ ಜಾಗದಲ್ಲಿ ಹೂವಿಟ್ಟರು.

“ಇದ್ರಲ್ಲಿ ವಿದ್ಯೆ ಏನಿದೆ, ಅಳಿಯಂದ್ರೇ?”