ಕರಿಬೇವಿನ ಕುಂಡದ ಕೆಸರು

ಕೈ ತೊಳೆಯಿರಿ ಎಂದು ಹೇಳುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ತಮಾಷೆಯಲ್ಲ. ಪರ್ತ್‌ನ ಒಂದು ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ಡಾಕ್ಟರು ನಾನು. ವಾರ್ಡಿನಿಂದ ವಾರ್ಡಿಗೆ ಅಲೆದು, ದೊಡ್ಡ ದೊಡ್ಡ ಸರ್ಜನ್‌ಗಳ ಉಗುರು ನೋಡಿ ಮುಖ ಸಿಂಡರಿಸುವುದು ನನ್ನ ಕಸುಬು. ಅಲ್ಲಿನ ಪ್ರತಿಯೊಂದು ಬೇಸಿನ್ನಿನ ಮೇಲೂ ನನ್ನ ಫೋಟೋ ಅಂಟಿಸಿದ್ದಾರೆ. ನೊರೆ ಮೆತ್ತಿದ ಎರಡೂ ಕೈ ಎತ್ತಿ, ಹಲ್ಲು ಬಿಟ್ಟುಕೊಂಡು ನಿಂತಿದ್ದೇನೆ. ಕೆಳಗೆ ‘ನೀವು ಕೈ ತೊಳೆದಿರಾ?’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಇಂಥ ನಾನು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ನಾನೇ ಹೇಳಿಬಿಡುವುದು ಒಳ್ಳೆಯದು. ಮಗಳು ಹೇಳಿದರೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಆಗ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ.

ಮೊದಲು ನನ್ನ ಕಾರಿನ ವಿಷಯ. ಅದು ಕಾಡು, ಮರಳು, ಹೊಳೆ ಎಲ್ಲವನ್ನೂ ದಾಟುವ ಫೋರ್ ವೀಲ್ ಡ್ರೈವ್. ನೀರಿಗಿಳಿದರೂ ಎಂಜಿನ್ನಿಗೆ ಉಸಿರು ಸಿಗಲಿ ಎಂದು ಪಕ್ಕದಲ್ಲೊಂದು ಕರಿಯ ಕೊಳವೆ ಬೇರೆ ಹಾಕಿಸಿದ್ದೇನೆ. ಆ ಕೊಳವೆಗೆ ಈವರೆಗೆ ನೀರು ತಾಕಿದ್ದರೆ ಅದು ಪೆಟ್ರೋಲ್ ಬಂಕಿನಲ್ಲಿ ಕಾರ್ ತೊಳೆಸಿದಾಗ ಮಾತ್ರ. ನಾಲ್ಕು ವರ್ಷದಲ್ಲಿ ಅದು ಕಂಡ ಅತಿ ದುರ್ಗಮ ಜಾಗವೆಂದರೆ ಫ್ರೀಮ್ಯಾಂಟಲ್ ಮಾರುಕಟ್ಟೆಯ ಪಾರ್ಕಿಂಗು. ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣು ಇಟ್ಟಾಗಲೂ ರಸ ಸಿಡಿದು ಬಣ್ಣ ಹೋದೀತೆಂದು ನನ್ನೆದೆ ಹೊಡೆದುಕೊಳ್ಳುತ್ತದೆ. ಮಗಳು ಇಂಚರಾಗೆ ಲೈಸೆನ್ಸ್ ಬಂದು ಆರು ತಿಂಗಳಾಗಿದೆ. ಆದರೆ ಈ ಕಾರಿನ ಸ್ಟೀರಿಂಗ್ ಮುಟ್ಟಲು ನಾನು ಬಿಟ್ಟವನಲ್ಲ. ಅವಳೇನಿದ್ದರೂ ಅಮ್ಮನ ಹಳೇ ಪುಟ್ಟ ಕಾರು ಓಡಿಸಿಕೊಳ್ಳಬೇಕು.

ಈ ಇಂಚರಾ ಯೂನಿವರ್ಸಿಟಿ ಸೇರಿದ ಮೇಲೆ ಒಂದು ಸ್ವಯಂಸೇವಕರ ಗುಂಪಿಗೂ ಸೇರಿಕೊಂಡಳು. ಪರ್ತ್‌ನ ಪೂರ್ವದ ಗುಡ್ಡಗಳಲ್ಲಿ ಸರ್ಕಾರದ ಕಾಡಿದೆ. ಅಲ್ಲಿ ಫೋರ್ ವೀಲ್ ಡ್ರೈವ್‌ಗಳು ಓಡಾಡಲೆಂದೇ ಬಿಟ್ಟ ಮಣ್ಣಿನ ದಾರಿಗಳಿವೆ. ತಿಂಗಳಿಗೊಂದು ಶನಿವಾರ ಇವರು ಹೋಗಿ ಆ ದಾರಿಯ ಗುಂಡಿ ಮುಚ್ಚುತ್ತಾರೆ, ಬಿದ್ದ ಮರ ಎಳೆದುಹಾಕುತ್ತಾರೆ, ಮಳೆನೀರು ಹರಿಯಲು ಕಾಲುವೆ ತೋಡುತ್ತಾರೆ. ಮೂರು ತಿಂಗಳಾದ ಮೇಲೆ ಅವಳು ನನ್ನನ್ನೂ ಕರೆದಳು. ಹದಿನೆಂಟರ ಮಗಳು ತನ್ನ ಸ್ನೇಹಿತರಿರುವ ಕಡೆಗೆ ಅಪ್ಪನನ್ನು ತಾನಾಗಿಯೇ ಕರೆಯುವುದೆಂದರೆ ಸಣ್ಣ ಮಾತೇ? ನಾನು ಉಬ್ಬಿಹೋದೆ. ಗುಂಪಿನಿಂದ ನನಗೊಂದು ಈಮೇಲೂ ಬಂತು. “ಅಪ್ಪಾ, ರೀಡ್ ದ ಈಮೇಲ್, ಓಕೆ?” ಎಂದು ಎರಡು ಸಲ ಹೇಳಿದಳು. ಹೂಂ ಎಂದೆ. ಓದಲಿಲ್ಲ. ಕೊಟ್ಟ ಚೀಟಿ ಓದದ ರೋಗಿಗಳ ಮೇಲೆ ಮಾತ್ರ ನಾನು ಕೂಗಾಡುತ್ತೇನೆ.

ಶನಿವಾರ ಇಂಚರಾ ಬೆಳಿಗ್ಗೆಯೇ ಗೆಳತಿಯ ಜೊತೆ ಹೋಗಿಯಾಗಿತ್ತು. ಹೊರಡುವಾಗ ಕಾರು ನೋಡಿದೆ. ಫಳಫಳ ಹೊಳೆಯುತ್ತಿತ್ತು. ಜೀವ ಹೋದಂತಾಯಿತು. ಕಾಡಿನಲ್ಲಿ ಪಳಗಿದ ಅಷ್ಟು ಜನರ ಮುಂದೆ ಈ ಮದುವಣಗಿತ್ತಿಯನ್ನು ನಿಲ್ಲಿಸಿದರೆ ಮಗಳ ಮಾನ ಏನಾಗಬೇಕು? ಬೀದಿಯ ತುದಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಆ ಸೈಟಿನ ಕೆಸರಿನಲ್ಲಿ ಎರಡು ಸುತ್ತು ಹೊಡೆದೆ. ಟೈರಿಗೆ ಹತ್ತಿತೇ ಹೊರತು ಮೇಲೆ ಸಿಡಿಯಲಿಲ್ಲ. ಮನೆಗೆ ವಾಪಸ್ ಬಂದು, ಕರಿಬೇವಿನ ಕುಂಡದಿಂದ ಮೂರು ಬೊಗಸೆ ಮಣ್ಣು ತೆಗೆದು, ಬಕೆಟ್ಟಿನಲ್ಲಿ ಕಲಸಿ, ಬಾಗಿಲಿಗೆ, ಬಂಪರಿಗೆ ಕೈಯಾರೆ ಬಳಿದೆ. ಹೆಂಡತಿ ಶೈಲಾ ಹೊರಗೆ ಬಂದವಳು ಕಾಫಿ ಲೋಟ ಹಿಡಿದು ಹಾಗೇ ನಿಂತಳು.

“ಏನ್ರೀ ಇದು, ಕಾರಿಗೆ ಸಗಣಿ ಸಾರಿಸ್ತಿದೀರಾ? ರಂಗೋಲಿ ನಾನ್ ಬಂದು ಹಾಕ್ಲಾ?”

“ನಿಂಗಿದೆಲ್ಲ ಅರ್ಥ ಆಗಲ್ಲ ಸುಮ್ನಿರು,” ಎಂದು ಹೊರಟೆ.

ಕಾಡಿನ ಗೇಟು ತಲುಪಿದಾಗ ಎಂಟು ಕಾರುಗಳು ಸಾಲಾಗಿ ನಿಂತಿದ್ದವು. ಎಂಟೂ ಆಯುಧಪೂಜೆಯ ದಿನದಂತೆ ಲಕಲಕ ಎನ್ನುತ್ತಿದ್ದವು. ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಬ್ರಷ್ ಹಿಡಿದು, ಬಂದ ಪ್ರತಿ ಕಾರಿನ ಟೈರನ್ನೂ ಬಗ್ಗಿ ನೋಡುತ್ತಿದ್ದವಳು ನನ್ನ ಮಗಳೇ. ಪಕ್ಕದಲ್ಲಿ ಗುಂಪಿನ ಮುಖಂಡ ರಾನ್ ಇದ್ದ. ಎಪ್ಪತ್ತು ದಾಟಿದ ಆಸಾಮಿ, ಜೀವನವಿಡೀ ರಸ್ತೆ ಕೆಲಸದ ಯಂತ್ರ ಓಡಿಸಿದವನು. ಅವನು ನನ್ನ ಕಾರನ್ನು ಒಂದು ಸುತ್ತು ಹಾಕಿ ಬಂದು, ಓದದ ಈಮೇಲಿನಲ್ಲಿ ಇದ್ದದ್ದನ್ನು ಸಮಾಧಾನವಾಗಿ ಬಾಯಲ್ಲಿ ಹೇಳಿದ. ಈ ಕಾಡಿನ ಮರಗಳಿಗೆ ಬೇರು ಕೊಳೆಯುವ ರೋಗವಿದೆ. ಅದಕ್ಕೆ ಮದ್ದಿಲ್ಲ. ಅದು ಹರಡುವುದು ಹೊರಗಿನಿಂದ ಟೈರಿಗೆ, ಬೂಟಿಗೆ ಅಂಟಿಬಂದ ಹಸಿ ಮಣ್ಣಿನಿಂದ. ಅದಕ್ಕೇ ಕಾರು ತೊಳೆದುಕೊಂಡು ಬರಬೇಕೆಂಬ ನಿಯಮ. ಸೋಂಕು! ನಾನು ಸೋಂಕನ್ನು ಬೊಗಸೆಯಲ್ಲಿ ತುಂಬಿ ತಂದಿದ್ದೆ.

“ಎಲ್ಲಿಂದ ಬಂತು ಮೇಟ್ ಈ ಕೆಸರು?” ಎಂದ.

ಆಗ ನನ್ನ ಬಾಯಿಂದ ಬಂದ ಮಾತನ್ನು ನೆನೆದರೆ ಇಂದಿಗೂ ಮೈ ಹಿಡಿಯಾಗುತ್ತದೆ. “ನಿನ್ನೆ ಮಧ್ಯಾಹ್ನ ಮಗಳು ಓಡಿಸಿದ್ಲು. ಎಲ್ಲೆಲ್ಲಿ ಹೋಗಿದ್ಲೋ ಏನೋ,” ಎಂದುಬಿಟ್ಟೆ.

ಇಂಚರಾ ನನ್ನ ಮುಖ ನೋಡಿದಳು. ಆಮೇಲೆ ನನ್ನ ಉಗುರು ನೋಡಿದಳು. ಹತ್ತೂ ಉಗುರುಗಳ ಸಂದಿಯಲ್ಲಿ ಕರಿಬೇವಿನ ಮಣ್ಣು ಕೂತಿತ್ತು. “ಸಾರಿ, ರಾನ್,” ಎಂದಳು. ಅಷ್ಟೇ. ಮಂಡಿಯೂರಿ ನನ್ನ ಕಾರಿನ ಟೈರು ಉಜ್ಜಲು ಶುರುಮಾಡಿದಳು. ನಾನೂ ಬ್ರಷ್‌ಗೆ ಕೈ ಚಾಚಿದೆ, ಕೊಡಲಿಲ್ಲ.

ಅಂದು ಕತ್ತೆಯ ಹಾಗೆ ದುಡಿದೆ. ಯಾರೂ ಹೇಳದಿದ್ದರೂ ಗುಂಡಿಗೆ ಜಲ್ಲಿ ಹೊತ್ತೆ, ನನಗಿಂತ ಉದ್ದದ ಕೊಂಬೆಗಳನ್ನು ಎಳೆದೆ. ಇಂಚರಾ ದಾರಿಯ ಇನ್ನೊಂದು ತುದಿಯಲ್ಲೇ ಉಳಿದಳು. ಟೀ ಹೊತ್ತಿಗೆ ರಾನ್ ನನ್ನ ಪಕ್ಕದಲ್ಲಿ ದಿಮ್ಮಿಯ ಮೇಲೆ ಕೂತ. ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಾ, “ಒಳ್ಳೇ ಹುಡುಗಿ,” ಎಂದ. “ಬಂದ ಮೊದಲ ದಿನವೇ ನಮ್ಮನ್ನೆಲ್ಲ ನಗಿಸಿದ್ಲು. ಅಪ್ಪ ತನ್ನ ಕಾರಿನ ಟಿಶ್ಯೂ ಡಬ್ಬ ಮುಟ್ಟಕ್ಕೂ ಬಿಡಲ್ಲ, ಸ್ಟೀರಿಂಗ್ ಮಾತು ದೂರ ಉಳೀತು ಅಂತ. ಬಿಸ್ಕತ್ತು ತಗೋ.”

ತೆಗೆದುಕೊಂಡೆ. ಅಂದರೆ ನಾನು ಹೇಳಿದ್ದು ಸುಳ್ಳೆಂದು ಆ ಮುದುಕನಿಗೆ ಬೆಳಿಗ್ಗೆಯೇ ಗೊತ್ತಿತ್ತು. ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಮಗಳ ಮಾನ ಉಳಿಸಲೆಂದು ಕೆಸರು ಬಳಿದವನು ನಾನು.

ವಾಪಸ್ ಹೊರಟಾಗ ಕೀಲಿ ಅವಳತ್ತ ಚಾಚಿದೆ. “ಐಮ್ ಗುಡ್,” ಎಂದು ಎಡಗಡೆ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡತೊಡಗಿದಳು. ಹತ್ತು ನಿಮಿಷ ಓಡಿಸಿದೆ. ಕೊನೆಗೆ ನಾನೇ, “ತಪ್ಪಾಯ್ತು ಪುಟ್ಟಿ,” ಎಂದೆ.

ಎಷ್ಟೋ ವರ್ಷಗಳಿಂದ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ಆಗ ಕನ್ನಡದಲ್ಲಿ ಹೇಳಿದಳು: “ನಂಗಲ್ಲ ಅಪ್ಪಾ. ಅವ್ರಿಗೆ ಹೇಳು.”

ಕಾರು ತಿರುಗಿಸಿದೆ. ಅವರು ಸಲಿಕೆ, ಗುದ್ದಲಿ ತುಂಬಿಕೊಳ್ಳುತ್ತಿದ್ದರು. ಹೋಗಿ ನಿಂತು, “ಕೆಸರು ಮಗಳದ್ದಲ್ಲ. ನಾನೇ ಹಚ್ಚಿದ್ದು,” ಎಂದೆ. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ರಾನ್ ಹುಬ್ಬು ಗಂಟಿಕ್ಕಿ, “ಹಚ್ಚಿದ್ದಾ? ಹಚ್ಚಿದ್ದು ಅಂದ್ರೆ?” ಎಂದ. ನಾನು ಎಲ್ಲೋ ಕೆಸರಿನಲ್ಲಿ ಓಡಿಸಿ ಬಂದಿರಬೇಕೆಂದು ಪಾಪ ಅವರು ತಿಳಿದಿದ್ದರು. ಕುಂಡ, ಬಕೆಟ್ಟು, ಬೊಗಸೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಒಬ್ಬಾಕೆ ಸಲಿಕೆ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟಳು. ನೆಲ ಬಾಯಿಬಿಡಲಿಲ್ಲ, ಅದರ ಗುಂಡಿಗಳನ್ನೆಲ್ಲ ಬೆಳಿಗ್ಗೆಯಿಂದ ನಾನೇ ಮುಚ್ಚಿದ್ದೆ.

ಮುಂದಿನ ತಿಂಗಳು ಕಾರು ಓಡಿಸಿದ್ದು ಇಂಚರಾ. ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ತುಳಿಯುತ್ತಾ ಹೋದೆ. ಟೈರು ತೊಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗೇಟಿನ ಬಳಿ ಹೋಗಿ ನೋಡಿದರೆ, ಕಂಬದ ಮೇಲೆ ಆಸ್ಪತ್ರೆಯ ನನ್ನ ಅದೇ ಫೋಟೋ! ಅದೇ ನೊರೆ, ಅದೇ ಹಲ್ಲು. ‘ಕೈ’ ಎಂದಿದ್ದ ಕಡೆ ಗೀಟು ಹಾಕಿ, ಮೇಲೆ ಮಗಳ ಕೈಬರಹದಲ್ಲಿ ‘ಟೈರು’ ಎಂದು ತಿದ್ದಲಾಗಿತ್ತು. ಹೊಸದಾಗಿ ಬಂದ ಒಬ್ಬ ಹುಡುಗ ಕಾರಿನಿಂದ ತಲೆ ಹೊರಹಾಕಿ, ಒಮ್ಮೆ ಕಂಬ ನೋಡಿ, ಒಮ್ಮೆ ನನ್ನನ್ನು ನೋಡಿ, “ಇದು ನೀವೇನಾ?” ಎಂದು ಕೇಳಿದ.

‘ಅಲ್ಲಪ್ಪಾ, ನನ್ನ ತಮ್ಮ’ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಇಂಚರಾ ಬಕೆಟ್ ಹಿಡಿದು ಹಿಂದೆಯೇ ನಿಂತಿದ್ದಳು.

“ಹೌದು, ನಾನೇ,” ಎಂದು ಬಗ್ಗಿ ಅವನ ಟೈರು ನೋಡಿದೆ.