ಮೇಷ್ಟ್ರ ಕಾಲಿಗೆ ಬ್ರೇಕು ಸಿಗದ ದಿನ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಚಳಿಗಾಲದ ರಜೆ ಎಂದರೆ ಮೈ ಉರಿಯುತ್ತಿತ್ತು. ಊರಿಗೆಲ್ಲ ರಜೆ ಬಂದರೆ ಅವರಿಗೆ ಕೆಲಸ ಹೆಚ್ಚು. ಕಾಲೇಜು ಮುಚ್ಚಿದ ಹುಡುಗರು, ಆಫೀಸು ಮುಚ್ಚಿದ ಗುಮಾಸ್ತರು, ನಿವೃತ್ತರಾಗಿ ಬೇಸರ ಬಂದ ಹಿರಿಯರು, ಎಲ್ಲರಿಗೂ ಏಕಕಾಲಕ್ಕೆ ಕಾರು ಕಲಿಯುವ ಹುಮ್ಮಸ್ಸು ಉಕ್ಕುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಮೇಷ್ಟ್ರು ಅವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಬಳಿ ಬೇರೆಯಾಗಿ ಹಾಕಿಸಿಕೊಂಡಿದ್ದ ಬ್ರೇಕನ್ನು ತುಳಿಯುತ್ತ ಜೀವ ಉಳಿಸುತ್ತಿದ್ದರು. ತಮ್ಮದು, ಕಲಿಯುವವರದು, ದಾರಿಹೋಕರದು, ಎಲ್ಲವನ್ನೂ. ಆ ತುಳಿತ ಎಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿ ಟೀವಿ ನೋಡುವಾಗ ತೆರೆಯ ಮೇಲೆ ಕಾರೊಂದು ಜೋರಾಗಿ ಬಂದರೂ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. (ಸೋಫಾದ ಮುಂದಿನ ಕಾರ್ಪೆಟ್ಟು ಆ ಜಾಗದಲ್ಲಿ ಸವೆದು ತೂತಾಗಿತ್ತು. ಹೆಂಡತಿ ಅದನ್ನು ಮುಚ್ಚಲು ಹೂಕುಂಡ ಇಟ್ಟಳು. ಮೇಷ್ಟ್ರು ಅದನ್ನೂ ತುಳಿದರು.)

ಇಂಥ ಸುಗ್ಗಿಯ ಕಾಲದಲ್ಲಿ ಹೆಂಡತಿ ಊಟದ ಮೇಜಿನಲ್ಲಿ ಘೋಷಣೆ ಹೊರಡಿಸಿದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ವೈದ್ಯರ ಕೈಬರಹವನ್ನೇ ಓದುವವಳಿಗೆ ಗಂಡನ ಮುಖ ಓದುವುದು ಯಾವ ಲೆಕ್ಕ.

"ನಾಳೆ ನಾವು ಆಟದ ಪಾರ್ಕಿಗೆ ಹೋಗ್ತಿದೀವಿ. ಮುಖ ಗಂಟು ಹಾಕ್ಕೋಬೇಡಿ."

"ನಾವು ಅಂದ್ರೆ ಯಾರ್ಯಾರು?"

"ನಾನು, ಮಗಳು, ಅಮ್ಮ. ಮತ್ತೆ ಕಾರು."

"ಕಾರು ತಾನಾಗೇ ಹೋಗುತ್ತಾ?"

"ಅದಕ್ಕೇ ನಿಮ್ಮನ್ನೂ ಕರೀತಿರೋದು," ಎಂದಳು ಹೆಂಡತಿ. ಆಗ ಅತ್ತೆ ಮತ್ತು ಮಗಳು ಇಬ್ಬರೂ ತಟ್ಟೆ ನೋಡಿಕೊಂಡು ನಕ್ಕದ್ದು ಯಾಕೆಂದು ಮೇಷ್ಟ್ರಿಗೆ ಹೊಳೆಯಲಿಲ್ಲ.

ಮರುದಿನ ಪಾರ್ಕಿನ ಬಾಗಿಲಿಗೆ ಬರುವಷ್ಟರಲ್ಲಿ ಊರಿಗೆ ಊರೇ ಅಲ್ಲಿ ನೆರೆದಿತ್ತು. ಸ್ವೆಟರು, ಶಾಲು, ಕೈಗವಸು, ಮಂಕಿ ಕ್ಯಾಪುಗಳ ಒಂದು ಸಾಲು. ಈ ಸಾಲು ಸಾಲದು ಎಂಬಂತೆ ಅದರ ಪಕ್ಕ ಮತ್ತೊಂದು ಸಾಲು. ಕಾರು ನಿಲ್ಲಿಸುವ ಬಯಲಿನಲ್ಲೇ ಮೇಷ್ಟ್ರ ರಕ್ತದೊತ್ತಡ ಏರಿತು. ಒಬ್ಬ ಎರಡು ಕಾರಿನ ಜಾಗದಲ್ಲಿ ಒಂದನ್ನು ಅಡ್ಡ ನಿಲ್ಲಿಸಿದ್ದ. ಇನ್ನೊಬ್ಬ ಇಂಡಿಕೇಟರನ್ನು ಎಡಕ್ಕೆ ಹಾಕಿ ಬಲಕ್ಕೆ ತಿರುಗಿದ. ಮೇಷ್ಟ್ರು ಕಿಟಕಿ ಇಳಿಸಿ ಇಬ್ಬರಿಗೂ ಉಚಿತ ಶಿಕ್ಷಣ ನೀಡಿದರು.

"ಅಳಿಯಂದ್ರೇ, ಇವತ್ತು ರಜೆ," ಎಂದರು ಅತ್ತೆ.

"ರಸ್ತೆ ನಿಯಮಕ್ಕೆ ರಜೆ ಇಲ್ಲ ಅತ್ತೆ."

"ಕೇಳೋರ ಕಿವಿಗಾದ್ರೂ ಕೊಡಿ."

ಮೊದಲು ಹೋದದ್ದು ಡಿಕ್ಕಿ ಕಾರುಗಳ ಕಡೆಗೆ. ಸುತ್ತ ರಬ್ಬರು ಕಟ್ಟಿದ ಪುಟ್ಟ ಕಾರುಗಳಲ್ಲಿ ಕೂತು ಒಬ್ಬರಿಗೊಬ್ಬರು ಗುದ್ದುವ ಆಟ. ಜೀವಮಾನವಿಡೀ ಗುದ್ದಬಾರದೆಂದು ಕಲಿಸಿದ ಮನುಷ್ಯ ಅಲ್ಲಿ ಏನು ಮಾಡಬೇಕು? ಮೇಷ್ಟ್ರು ಸೀಟನ್ನು ಸರಿಮಾಡಿಕೊಂಡರು, ಇಲ್ಲದ ಕನ್ನಡಿಯನ್ನು ಹುಡುಕಿದರು, ಕೈ ಹೊರಗೆ ಚಾಚಿ ಸಿಗ್ನಲ್ಲು ಕೊಟ್ಟು, ಅಂಗಳದ ಅಂಚಿನಲ್ಲಿ ಮದುಮಗನ ಮೆರವಣಿಗೆಯಂತೆ ಹೊರಟರು. ಸಿಗ್ನಲ್ಲು ಕೊಟ್ಟ ಕಡೆಯಿಂದಲೇ ಮಗಳು ಬಂದು ಗುದ್ದಿದಳು. ಹಿಂದಿನಿಂದ ಹೆಂಡತಿ. ಇಬ್ಬರಿಂದಲೂ ತಪ್ಪಿಸಿಕೊಂಡು ಉಸಿರು ಬಿಡುವಾಗ, ಶಾಲನ್ನು ಸೊಂಟಕ್ಕೆ ಬಿಗಿದಿದ್ದ ಅತ್ತೆ ಎದುರಿನಿಂದ ನೇರವಾಗಿ ಬಂದರು.

"ಅತ್ತೆ, ಇದು ಒನ್ ವೇ."

"ಹೌದಾ?" ಎಂದು ಅತ್ತೆ ಹಿಂದೆ ಹೋಗಿ, ಓಡಿ ಬಂದು ಇನ್ನೊಮ್ಮೆ ಗುದ್ದಿದರು.

ಆಟ ಮುಗಿಯುವಷ್ಟರಲ್ಲಿ ಯಾರನ್ನೂ ಮುಟ್ಟದೆ ಎಲ್ಲರಿಂದಲೂ ಮುಟ್ಟಿಸಿಕೊಂಡ ಏಕೈಕ ಚಾಲಕರಾಗಿದ್ದರು ಮೇಷ್ಟ್ರು. ಆಟ ನಡೆಸುವವನು ಬಂದು, "ಸಾರ್, ನಿಮ್ಮ ಕಾರು ಕೆಟ್ಟಿತ್ತಾ?" ಎಂದು ಕಳಕಳಿಯಿಂದ ವಿಚಾರಿಸಿದ. ಮಗಳು ಅಪ್ಪನ ಗುರುತೇ ಇಲ್ಲದವಳಂತೆ ಐಸ್‌ಕ್ರೀಮಿನ ಅಂಗಡಿ ಕಡೆ ನಡೆದುಬಿಟ್ಟಳು.

ಅದೇ ಅವರನ್ನು ಕೆಣಕಿದ್ದು. ಇಲ್ಲದಿದ್ದರೆ 'ಮಿಂಚುಹಾವು' ಎಂಬ ಆ ರೋಲರ್ ಕೋಸ್ಟರಿನ ಕಡೆ ಮೇಷ್ಟ್ರು ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅದು ಕಟ್ಟಡಗಳಿಗಿಂತ ಎತ್ತರಕ್ಕೆ ಹತ್ತಿ, ತಲೆಕೆಳಗಾಗಿ, ತನ್ನ ಬಾಲವನ್ನೇ ಸುತ್ತಿಕೊಂಡು ಬರುತ್ತಿತ್ತು. ಮೇಲಿನಿಂದ ಸಾಮೂಹಿಕ ಚೀತ್ಕಾರ ಕೇಳುತ್ತಿತ್ತು.

"ಅಪ್ಪ ಕೆಳಗೆ ನಿಂತು ಬ್ಯಾಗು ಹಿಡ್ಕೊಳ್ಲಿ," ಎಂದಳು ಮಗಳು.

"ಯಾಕೆ, ಅಪ್ಪಂಗೆ ಭಯಾನಾ?" ಎಂದರು ಮೇಷ್ಟ್ರು. "ದಿನಾ ಸಾವಿನ ಪಕ್ಕದ ಸೀಟಲ್ಲಿ ಕೂರೋನು ನಾನು."

ಸಾಲು ಎಷ್ಟು ಉದ್ದವಿತ್ತೆಂದರೆ, ಆ ಮಾತನ್ನು ವಾಪಸು ಪಡೆಯಲು ಅವರಿಗೆ ಬೇಕಾದಷ್ಟು ಕಾಲಾವಕಾಶವಿತ್ತು. ಆದರೆ ಮರ್ಯಾದೆ ಅಡ್ಡ ಬಂತು. ಕಡೆಗೂ ಬಂಡಿ ಬಂದಾಗ ಒಂದು ಸಾಲಿಗೆ ಮೂವರು ಎಂದರು. ಹೆಂಡತಿ, ಮಗಳು, ಅತ್ತೆ ಒಂದು ಸಾಲನ್ನು ತುಂಬಿದರು. ಮೇಷ್ಟ್ರನ್ನು ಹಿಂದಿನ ಸಾಲಿನಲ್ಲಿ, ಕಣ್ಣು ಮೂಗು ಮಾತ್ರ ಕಾಣುವಂತೆ ಮಂಕಿ ಕ್ಯಾಪು ಹಾಕಿದ್ದ ಒಬ್ಬ ದಪ್ಪನೆಯ ಗಂಡಸಿನ ಪಕ್ಕ ಕೂರಿಸಿದರು. ಎದೆಯ ಮೇಲೆ ಕಬ್ಬಿಣದ ಪಟ್ಟಿ ಇಳಿಯಿತು. ಆಗ ಮೇಷ್ಟ್ರು ಕೆಳಗೆ ನೋಡಿದರು. ಬಂಡಿಗೆ ತಳವೇ ಇರಲಿಲ್ಲ. ಕಾಲುಗಳು ಗಾಳಿಯಲ್ಲಿ ನೇತಾಡುತ್ತಿದ್ದವು.

"ಇದಕ್ಕೆ ಬ್ರೇಕ್ ಎಲ್ಲಿ?" ಎಂದು ಕೇಳುವುದರೊಳಗೆ ಬಂಡಿ ಹೊರಟಿತು.

ಮೇಲಕ್ಕೆ ಹತ್ತುವ ತನಕ ಮೇಷ್ಟ್ರು ಮೇಷ್ಟ್ರಾಗಿಯೇ ಇದ್ದರು. ತುದಿ ದಾಟಿ ಮೂಗು ನೆಲಕ್ಕೆ ತಿರುಗಿದ್ದೇ ತಡ, ಇಷ್ಟು ವರ್ಷಗಳ ವಿದ್ಯೆಯೆಲ್ಲ ಬಾಯಿಗೆ ಬಂತು. "ಸ್ಪೀಡ್ ಕಮ್ಮಿ ಮಾಡು. ಗೇರ್ ಇಳಿಸು. ತಿರುವಿದೆ, ತಿರುವು, ಹಾರ್ನ್, ಹಾರ್ನ್ ಹೊಡಿಯೋ ಪುಣ್ಯಾತ್ಮ." ಬಲಗಾಲು ಇಲ್ಲದ ಬ್ರೇಕನ್ನು ಶಕ್ತಿಮೀರಿ ತುಳಿಯಿತು. ಬೂಟು ಕಾಲಿನಿಂದ ಕಳಚಿ, ಹಕ್ಕಿಯಂತೆ ಹಾರಿ, ಜನಸಾಗರದಾಚೆ ಕಣ್ಮರೆಯಾಯಿತು. ಪಕ್ಕದ ಮಂಕಿ ಕ್ಯಾಪು ಯಾವ ಮುನ್ಸೂಚನೆಯೂ ಇಲ್ಲದೆ ಮೇಷ್ಟ್ರ ಕುತ್ತಿಗೆಯನ್ನು ತಬ್ಬಿ, "ಅಮ್ಮಾ, ನನ್ನ ಇಳಿಸೇ," ಎಂದು ಮೊರೆಯಿಟ್ಟಿತು. ಮೇಷ್ಟ್ರೂ ಅದನ್ನು ತಬ್ಬಿಕೊಂಡರು. ಆ ಹೊತ್ತಿನಲ್ಲಿ ಕಂಬ ಸಿಕ್ಕಿದ್ದರೂ ತಬ್ಬುತ್ತಿದ್ದರು.

ಬಂಡಿ ನಿಂತಾಗ ಪಕ್ಕದವರ ಕ್ಯಾಪು ಗಾಳಿಗೆ ಹೋಗಿತ್ತು. ಒಳಗಿದ್ದ ಮುಖವನ್ನು ಮೇಷ್ಟ್ರು ಕಂಡಕೂಡಲೇ ಗುರುತು ಹಿಡಿದರು. ಲೈಸೆನ್ಸ್ ಪರೀಕ್ಷೆ ತೆಗೆದುಕೊಳ್ಳುವ ಇನ್ಸ್‌ಪೆಕ್ಟರು. ಮೇಷ್ಟ್ರ ಶಿಷ್ಯರನ್ನು ವರ್ಷವಿಡೀ ತುಟಿ ಬಿಚ್ಚದೆ ಫೇಲು ಮಾಡುತ್ತಿದ್ದ, ನಕ್ಕದ್ದನ್ನು ಯಾರೂ ಕಾಣದ ಘನ ಗಂಭೀರ ಇನ್ಸ್‌ಪೆಕ್ಟರು.

ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು, ಅಂಗಿ ಸರಿಮಾಡಿಕೊಂಡು ಹೊರಬಂದರು. ಹೊರಗಿನ ಫೋಟೋ ಅಂಗಡಿಯ ಪರದೆಯ ಮೇಲೆ ಅವರಿಬ್ಬರೂ ಆಗಲೇ ದೊಡ್ಡದಾಗಿ ರಾರಾಜಿಸುತ್ತಿದ್ದರು: ಕಣ್ಣು ಮುಚ್ಚಿ, ಬಾಯಿ ತೆರೆದು, ಜನ್ಮಾಂತರದ ನಂಟಿನವರಂತೆ ಅಪ್ಪಿಕೊಂಡು.

"ಇದನ್ನ ಯಾರೂ ನೋಡೋದು ಬೇಡ," ಎಂದು ಇನ್ಸ್‌ಪೆಕ್ಟರು ಇದ್ದ ಪ್ರತಿಗಳನ್ನೆಲ್ಲ ಕೊಂಡು ಕೋಟಿನೊಳಗೆ ತುರುಕಿಕೊಂಡರು.

ಇದೇ ಸಮಯವೆಂದು ಮೇಷ್ಟ್ರು ಕುಂಟುತ್ತಲೇ ಹತ್ತಿರ ಸರಿದರು. ಇಲ್ಲದ ಬ್ರೇಕು ತುಳಿದು ಮೀನಖಂಡ ಕಲ್ಲಿನಂತೆ ಹಿಡಿದುಕೊಂಡಿತ್ತು. "ಸಾರ್, ನಮ್ಮ ಸ್ಕೂಲಿನವರನ್ನ ಇನ್ನಾದ್ರೂ ಸ್ವಲ್ಪ ದಯೆಯಿಂದ ನೋಡ್ಬೇಕು."

"ನಿಮ್ಮವರು ನಡುಗ್ತಾರೆ ಕಣ್ರೀ," ಎಂದರು ಇನ್ಸ್‌ಪೆಕ್ಟರು. "ಪಕ್ಕದಲ್ಲಿ ಯಾರೋ ಬಯ್ತಾರೆ ಅಂತ ಕಾಯ್ತಾ ಓಡಿಸ್ತಾರೆ. ನಿಮ್ಮ ಎದುರುಗಡೆ ಸ್ಕೂಲಿನವರನ್ನ ನೋಡಿ. ಮೊನ್ನೆ ಒಬ್ರು ಹೆಂಗಸು ಬಂದಿದ್ರು. ರಿವರ್ಸ್ ಅಂದ್ರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನಾನೇ ಎದ್ದು ನಿಂತು ಪಾಸ್ ಮಾಡ್ದೆ."

ಅಷ್ಟರಲ್ಲಿ ಬೂಟಿನ ವಿಚಾರಣೆಗೆ ಹೋಗಿದ್ದ ಹೆಂಡತಿ ಬಂದಳು. "ಪಾರ್ಕು ಮುಚ್ಚಿದ ಮೇಲೇ ಎತ್ತಿ ಕೊಡ್ತಾರಂತೆ ರೀ. ಅಲ್ಲಿ ನಿಮ್ದೊಂದೇ ಅಲ್ಲ, ಒಂದು ಅಂಗಡಿ ಇಡೋವಷ್ಟು ಬಿದ್ದಿದೆ."

ಇನ್ಸ್‌ಪೆಕ್ಟರ ಮುಖ ಅರಳಿತು. ಅವರು ನಗಬಲ್ಲರು ಎಂಬುದು ಅಂದು ತಿಳಿಯಿತು. "ಇವರೇ ಅವರು. ಚೆನ್ನಾಗಿದೀರಾ ಅಮ್ಮಾ? ಕಾರು ಓಡಿಸ್ತಿದೀರಾ?"

ಹೆಂಡತಿ ಗಂಡನ ಬರಿಗಾಲು ನೋಡಿದಳು. ಮಗಳು ಆಕಾಶ ನೋಡಿದಳು. ಅತ್ತೆ ಮಾತ್ರ, "ಹೇಳಿಬಿಡೇ, ಎಷ್ಟು ದಿನ ಬಚ್ಚಿಡ್ತೀಯಾ," ಎಂದರು.

ಮದುವೆಯಾದ ಹೊಸದರಲ್ಲಿ ಮೇಷ್ಟ್ರೇ ಅವಳಿಗೆ ಕಲಿಸಲು ಹೊರಟಿದ್ದರು. ಅವರ ಬೈಗುಳ ತಾಳಲಾರದೆ ಅವಳು ಕಾರನ್ನು ನಡುರಸ್ತೆಯಲ್ಲೇ ನಿಲ್ಲಿಸಿ, ಬೀಗದ ಕೈಯನ್ನು ಗಂಡನ ಮಡಿಲಿಗೆ ಹಾಕಿ, ಬಸ್ಸು ಹತ್ತಿ ಮನೆಗೆ ಹೋಗಿದ್ದಳು. ಆ ಮೇಲೆ ಮನೆಯಲ್ಲಿ ಆ ಮಾತೇ ಎದ್ದಿರಲಿಲ್ಲ.

"ಹೋಗಿ ಹೋಗಿ ಎದುರು ಸ್ಕೂಲಿಗಾ?" ಎಂದರು ಮೇಷ್ಟ್ರು. "ನನ್ನ ಬಾಗಿಲ ಮುಂದೇನೇ?"

"ಅಲ್ಲಿ ಬೈಗುಳ ಸಿಲಬಸ್ಸಲ್ಲಿಲ್ಲ ರೀ. ಮಧ್ಯಾಹ್ನದ ಬಿಡುವಲ್ಲಿ ಹೋಗ್ತಿದ್ದೆ. ನಿಮ್ಮ ಕಣ್ಣಮುಂದೇನೇ ದಿನಾ ಹೋಗಿದೀನಿ. ನೀವು ನಿಮ್ಮ ಹುಡುಗರಿಗೆ ಬಯ್ಯೋದ್ರಲ್ಲಿ ಮುಳುಗಿರ್ತಿದ್ರಿ."

ಬೂಟಿಗಾಗಿ ಕಾಯಲು ಮೇಷ್ಟ್ರಿಗೆ ಮುಖವಿರಲಿಲ್ಲ, ಕಾರು ಓಡಿಸಲು ಕಾಲಿರಲಿಲ್ಲ. ಬೀಗದ ಕೈ ಕೊಡದೆ ವಿಧಿಯಿರಲಿಲ್ಲ. ಅವರನ್ನು ಹಿಂದಿನ ಸೀಟಿಗೆ ತಳ್ಳಿ ಅತ್ತೆ ಮುಂದೆ ಕೂತರು. ಪಾರ್ಕಿನಿಂದ ಹೊರಬರುವ ಕಾರುಗಳ ಜಾತ್ರೆಯಲ್ಲಿ ಹೆಂಡತಿ ಯಾರನ್ನೂ ಬಯ್ಯದೆ, ಯಾರಿಂದಲೂ ಬಯ್ಯಿಸಿಕೊಳ್ಳದೆ, ಒಬ್ಬರಿಗೆ ದಾರಿ ಬಿಟ್ಟು ಇನ್ನೊಬ್ಬರಿಂದ ದಾರಿ ಪಡೆದು ನುಣುಚಿಕೊಂಡು ಬಂದಳು. ಮೇಷ್ಟ್ರು ತಪ್ಪೊಂದು ಸಿಕ್ಕೀತೆಂದು ಮುಂದಕ್ಕೆ ಬಾಗಿ ಕಾದರು. ಕನ್ನಡಿ ನೋಡಿದಳು. ಸಿಗ್ನಲ್ಲು ಕೊಟ್ಟಳು. ತಿರುವಿನಲ್ಲಿ ಗೇರು ಇಳಿಸಿದಳು. ಹುಡುಕಿ ಹುಡುಕಿ ದಣಿದ ಕಣ್ಣು ಮುಚ್ಚಿಕೊಂಡಿತು. ಬೇರೆಯವರು ಓಡಿಸುವ ಗಾಡಿಯಲ್ಲಿ ಮೇಷ್ಟ್ರು ನಿದ್ದೆ ಹೋದದ್ದು ಅದೇ ಮೊದಲು.

ಎಚ್ಚರವಾದಾಗ ಕಾರು ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ಬಾಗಿಲು ತಳ್ಳಿದರು; ಗೋಡೆಗೆ ತಾಗಿತು. ಇನ್ನೊಂದು ಕಡೆಯದು ತಳ್ಳಿದರು. ಪಕ್ಕದ ಮನೆಯವರ ವ್ಯಾನು. ಸೈಕಲ್ಲು ಮಾತ್ರ ಹಿಡಿಯುತ್ತದೆಂದು ಅವರು ಎಂದೂ ಪ್ರಯತ್ನಿಸದ ಮನೆ ಪಕ್ಕದ ಸಂದಿಯಲ್ಲಿ ಹೆಂಡತಿ ಕಾರನ್ನು ಹಿಂಬದಿಯಿಂದ ತೂರಿಸಿ ನಿಲ್ಲಿಸಿದ್ದಳು. ಅತ್ತೆ, ಮಗಳು ಮೊದಲೇ ಇಳಿದಿದ್ದರು; ತೆಳ್ಳಗಿನ ಹೆಂಡತಿಗೆ ಚಾಲಕನ ಬಾಗಿಲ ಸಂದು ಸಾಕಾಗಿತ್ತು. ಮೇಷ್ಟ್ರು ಮುಂದಿನ ಸೀಟಿಗೆ ತೆವಳಿ ಅದೇ ಸಂದಿನಲ್ಲಿ ತೂರಲು ಹೋಗಿ, ಹೊಟ್ಟೆ ಹಾರ್ನಿಗೆ ಒತ್ತಿಕೊಂಡು, ಓಣಿಗೆಲ್ಲ ಕೇಳುವಂತೆ ಕೂಗಿಸಿದರು.

ವ್ಯಾನಿನ ಯಜಮಾನರಾದ ಪಕ್ಕದ ಮನೆ ಅಜ್ಜ ಹೊರಬಂದು ಟಾರ್ಚು ಬಿಟ್ಟರು. ಮುಂದೆ ನೋಡಿದರು, ಹಿಂದೆ ನೋಡಿದರು, ಗೋಡೆಗೂ ಕಾರಿಗೂ ನಡುವೆ ಅಂಗೈ ಇಟ್ಟು ನೋಡಿದರು.

"ಅಬ್ಬಾ, ಎಂಥಾ ಕೈ. ನೀವಾ ಮೇಷ್ಟ್ರೇ ನಿಲ್ಲಿಸಿದ್ದು?"

"ನಮ್ಮ ಮನೆಯವಳು."

"ಇದ್ದೇ ಇರುತ್ತಲ್ಲ, ನೀವು ಕಲಿಸಿದ್ಮೇಲೆ."

ಮೇಷ್ಟ್ರು ಹೌದೆನ್ನಲು ಬಾಯಿ ತೆರೆದರು. ಮೇಲಿನ ಕಿಟಕಿಯಲ್ಲಿ ಹೆಂಡತಿ, ಅತ್ತೆ, ಮಗಳು ಮೂವರೂ ಸಾಲಾಗಿ ನಿಂತಿದ್ದರು.

"ನಾನಲ್ಲ," ಎಂದರು. "ನಮ್ಮ ಎದುರುಗಡೆ ಸ್ಕೂಲಿನವರು."

"ಹೌದಾ? ನಮ್ಮ ಸೊಸೆಗೂ ಕಲೀಬೇಕಂತೆ. ನಿಮ್ಮ ಹತ್ರಾನೇ ಕಳಿಸೋಣ ಅಂತಿದ್ದೆ." ಅಜ್ಜ ಮೊಬೈಲು ತೆಗೆದು ಕನ್ನಡಕ ಏರಿಸಿದರು. "ಅವರ ನಂಬರ್ ಇದೆಯಾ?"

ದಿನವೂ ಬಾಗಿಲಲ್ಲಿ ಕೂತು ಎದುರಿನ ಬೋರ್ಡನ್ನು ಶಪಿಸುತ್ತಿದ್ದ ಮೇಷ್ಟ್ರಿಗೆ ಅದು ಬಾಯಿಪಾಠವಾಗಿತ್ತು. ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡಿದ್ದಂತೆಯೇ, ಅಜ್ಜನ ಬೆರಳಿನ ವೇಗಕ್ಕೆ ತಕ್ಕಂತೆ ಒಂದೊಂದೇ ಅಂಕಿ ಹೇಳತೊಡಗಿದರು.